ಗ್ಲೂಕೋಮೀಟರ್ ಬರೀ ‘ಲೋ’ ತೋರಿಸ್ತಾ ಇದೆ, ಹೊಸ ಸೆಲ್ ಹಾಕಿಯೂ ಸರಿಯಾಗ್ಲಿಲ್ಲ

ಕಾಳಿದಂಡೆ (ಕಾರವಾರ), ರಾತ್ರಿ 8:52

ತಲೆ ಕೆಟ್ಟುಹೋಗಿದೆ. ಅಮ್ಮನ ಹಳೇ ಗ್ಲೂಕೋಮೀಟರಿನಲ್ಲೇ ನಮ್ಮ ಬೆಕ್ಕು ಕೆಂಚನ ಶುಗರ್ ನೋಡ್ತಾ ಬಂದಿದ್ದೇನೆ, ಇಲ್ಲಿವರೆಗೆ ಏನೂ ತಕರಾರು ಇರಲಿಲ್ಲ. ಇವತ್ತು ಸಂಜೆಯಿಂದ ನಂಬರೇ ಬರ್ತಾ ಇಲ್ಲ, ಬರೀ ‘ಲೋ’ ಅಂತ ತೋರಿಸಿ ಸುಮ್ಮನಾಗ್ತದೆ. ಸೆಲ್ ಹೋಗಿರಬೇಕು ಅಂತ ಹೊಸದು ತರಿಸಿ ಹಾಕಿದೆ. ಮತ್ತೆ ಅದೇ. ಸ್ಟ್ರಿಪ್ಪಿನ ಡಬ್ಬಿ ಹೊಸದು, ತಾರೀಕು ಮುಗಿದಿಲ್ಲ. ಒಂದೊಂದು ಸ್ಟ್ರಿಪ್ಪಿಗೂ ದುಡ್ಡು ಕೊಡಬೇಕು, ಹೀಗೆ ಹಾಳು ಮಾಡ್ತಾ ಕೂರೋಕೆ ಆಗಲ್ಲ. ರೀಸೆಟ್ ಮಾಡೋದು ಹೇಗೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ಅವನೂ ಇವತ್ತು ನೆಟ್ಟಗೆ ಕೂರ್ತಾ ಇಲ್ಲ, ಕಿವಿ ಹಿಡಿದ್ರೆ ತಲೆ ಒಂದು ಕಡೆಗೆ ವಾಲಿಸ್ತಾನೆ, ರಕ್ತ ತೆಗೆಯೋದೇ ಸಾಹಸ ಆಗಿದೆ.

ಮೀಟರ್‌ಮಾಣಿ (ಶಿರಸಿ), 8:57

ಯಾವ ಕಂಪನಿ ಮೀಟರು? ಹಳೇದು ಅಂದ್ರೆ ಕೋಡ್ ಹಾಕೋ ನಮೂನೆಯದ್ದಾ? ಡಬ್ಬಿ ಮೇಲಿನ ಕೋಡೂ ಮೀಟರಿನ ಕೋಡೂ ತಾಳೆ ಆಗದಿದ್ರೆ ಲೆಕ್ಕ ಎಲ್ಲ ತಪ್ಪು. ಆದರೆ ನನಗೆ ಅನುಮಾನ ಇರೋದು ತೇವದ ಮೇಲೆ. ಸ್ಟ್ರಿಪ್ಪಿನ ತುದಿಯಲ್ಲಿ ಕಿಣ್ವ ಇರ್ತದೆ, ಅದಕ್ಕೆ ಗಾಳಿಯ ತೇವ ತಾಗಿದ್ರೆ ಮುಗೀತು. ಜುಲೈ ತಿಂಗಳ ಕಾರವಾರದಲ್ಲಿ ಡಬ್ಬಿ ಮುಚ್ಚಳ ಸ್ವಲ್ಪ ಹೊತ್ತು ತೆರೆದಿಟ್ಟರೂ ಸಾಕು.

ಕಾಳಿದಂಡೆ, 9:01

ಕೋಡ್ ಸರಿ ಇದೆ. ಮುಚ್ಚಳ ಯಾವತ್ತೂ ತೆರೆದಿಟ್ಟಿಲ್ಲ. ಡಬ್ಬಿಯನ್ನ ಅಕ್ಕಿ ಡ್ರಮ್ಮಿನಲ್ಲಿ ಇಡ್ತೇನೆ.

ಮೀಟರ್‌ಮಾಣಿ, 9:03

ಅಕ್ಕಿ ಡ್ರಮ್ಮು ಸಾಲದು. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿ ಬೇಕು. ನಾನು ಮೂರು ಮೀಟರ್ ಇಟ್ಟುಕೊಂಡಿದ್ದೇನೆ, ಮೂರಕ್ಕೂ ಬೇರೆ ಬೇರೆ ಡಬ್ಬಿ. ಕಂಟ್ರೋಲ್ ಸೊಲ್ಯೂಷನ್, ಅಂದ್ರೆ ಮೀಟರ್ ಪರೀಕ್ಷೆ ಮಾಡೋ ಸಕ್ಕರೆ ದ್ರಾವಣ, ಇದೆಯಾ ನಿಮ್ಮ ಹತ್ರ? ಒಂದು ಹನಿ ಹಾಕಿ ನೋಡಿ. ಡಬ್ಬಿ ಮೇಲೆ ಬರೆದ ಅಂಕಿಗಳ ನಡುವೆ ಬರದಿದ್ರೆ ಸ್ಟ್ರಿಪ್ಪೋ ಮೀಟರೋ ಕೆಟ್ಟಿದೆ ಅಂತ ಅರ್ಥ. ಬೆಕ್ಕಿನ ಕಿವಿ ಒದ್ದೆ ಇತ್ತಾ? ನೀರು ಬೆರೆತ ರಕ್ತಕ್ಕೂ ಹೀಗಾಗ್ತದೆ.

ಎರಡುಬೆಕ್ಕಿನಮನೆ (ಕುಮಟಾ), 9:06

ಮೀಟರ್ ಬದಿಗಿಡಿ!! ‘ಲೋ’ ಅಂದ್ರೆ ಸೆಲ್ ಲೋ ಅಲ್ಲ. ಹೆಚ್ಚಿನ ಮೀಟರುಗಳಲ್ಲಿ ಶುಗರ್ 20ಕ್ಕಿಂತ ಕೆಳಗೆ ಹೋದ್ರೆ ನಂಬರ್ ಬದಲು ಹಾಗೆ ಬರ್ತದೆ. ಸೆಲ್ ಮುಗಿದರೆ ಸೆಲ್ಲಿನ ಚಿತ್ರ ಬರ್ತದೆ.

ಬೆಕ್ಕು ಎದ್ದು ನಡೀತದಾ? ಕರೆದ್ರೆ ನೋಡ್ತದಾ? ಇನ್ಸುಲಿನ್ ಕೊಟ್ಟದ್ದು ಯಾವಾಗ, ಆಮೇಲೆ ಊಟ ಮಾಡಿದ್ನಾ?

ಕಾಳಿದಂಡೆ, 9:09

ಇನ್ಸುಲಿನ್ ಸಂಜೆ 5ಕ್ಕೆ, ಯಾವಾಗಲೂ ಕೊಡೋ 2 ಯೂನಿಟ್ಟೇ. ಊಟ ಅರ್ಧ ಬಿಟ್ಟ. ನಡೀತಾನೆ, ಆದ್ರೆ ಹಿಂಗಾಲು ಜಾರ್ತದೆ. ಟೈಲ್ಸ್ ಒದ್ದೆ ಅಂತ ಮಾಡಿದ್ದೆ. ಕಣ್ಣಿನ ಕಪ್ಪು ತುಂಬಾ ದೊಡ್ಡದಾಗಿ ಕಾಣ್ತದೆ, ಕರೆಂಟಿಲ್ಲ, ಎಮರ್ಜೆನ್ಸಿ ದೀಪದ ಬೆಳಕಿಗೋ ಏನೋ.

ಎರಡುಬೆಕ್ಕಿನಮನೆ, 9:10

ಅಕ್ಕಾ, ಇದು ಶುಗರ್ ಇಳಿದದ್ದು. ಈಗಲೇ ಗ್ಲೂಕೋಸ್ ಪುಡಿ ನೀರಲ್ಲಿ ಗಟ್ಟಿಯಾಗಿ ಕಲಸಿ, ಇಲ್ಲಾಂದ್ರೆ ಜೇನುತುಪ್ಪ, ಬೆರಳಿಗೆ ಹಚ್ಚಿಕೊಂಡು ವಸಡಿಗೆ ತಿಕ್ಕಿ. ಕೆನ್ನೆಯ ಒಳಬದಿಗೂ ಹಚ್ಚಿ. ಬಾಯಿಗೆ ಸುರೀಬೇಡಿ, ನುಂಗೋಕಾಗದೆ ಶ್ವಾಸಕೋಶಕ್ಕೆ ಹೋಗ್ತದೆ. ನುಂಗ್ತಾನೆ ಅಂತ ಖಾತ್ರಿಯಾದ್ರೆ ಮಾತ್ರ ಒಂದೆರಡು ಹನಿ ಬಾಯಿ ಬದಿಯಿಂದ. ಹಚ್ಚಿದ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಕಾಳಿದಂಡೆ, 9:12

ಮೀಟರ್ ಕೆಟ್ಟಿದ್ದು ಅಂತಾದ್ರೆ? ಶುಗರ್ ಜಾಸ್ತಿ ಇರೋ ಬೆಕ್ಕಿಗೆ ಸಕ್ಕರೆ ಹಾಕಿದ ಹಾಗಾಗಲ್ವಾ? ಮನೆಯಲ್ಲಿ ಎಲ್ಲರೂ ಬೇಡ ಅಂತಿದ್ದಾರೆ.

ಎರಡುಬೆಕ್ಕಿನಮನೆ, 9:12

ಒಂದು ರಾತ್ರಿ ಶುಗರ್ 400 ಇದ್ದರೂ ಬೆಕ್ಕು ಬೆಳಿಗ್ಗೆವರೆಗೆ ಇರ್ತದೆ. 20ಕ್ಕಿಂತ ಕೆಳಗಿದ್ರೆ ಇರ್ತದೆ ಅಂತ ಹೇಳೋಕಾಗಲ್ಲ, ಮಿದುಳಿಗೆ ಬೇಕಾದದ್ದೇ ಸಿಗಲ್ಲ. ತಿಕ್ಕಿ, ಆಮೇಲೆ ಜಗಳ ಆಡೋಣ.

ಮೀಟರ್‌ಮಾಣಿ, 9:14

ನಿಮ್ಮದೇ ಬೆರಳು ಚುಚ್ಚಿ ಅದೇ ಮೀಟರಿನಲ್ಲಿ ನೋಡಿ. ಒಂದು ಸ್ಟ್ರಿಪ್ಪಿನಲ್ಲಿ ಇತ್ಯರ್ಥ ಆಗ್ತದೆ. ಮೀಟರಿನ ವಿಷಯ ಅಷ್ಟು ಹಗುರಕ್ಕೆ ತಳ್ಳಿಹಾಕೋದು ಸರಿಯಲ್ಲ.

ಕಾಳಿದಂಡೆ, 9:17

ನನ್ನ ಬೆರಳಿಗೆ 108 ಬಂತು. ಮೀಟರ್ ಸರಿ ಇದೆ.

ಮನೆಯಲ್ಲಿ ಗ್ಲೂಕೋಸೂ ಇಲ್ಲ, ಜೇನೂ ಇಲ್ಲ. ಜೋನಿಬೆಲ್ಲ ಇದೆ, ಅಡ್ಡಿ ಇಲ್ವಾ?

ಗೋಕರ್ಣದಕ್ಕ, 9:17

ಹಚ್ಚು ತಂಗಿ ಹಚ್ಚು, ಅದೇ ಆಗ್ತದೆ.

ಬನವಾಸಿರಸ್ತೆ (ಶಿರಸಿ), 9:19

ಜೋನಿಬೆಲ್ಲ ಉಪಯೋಗಕ್ಕೆ ಬರಲ್ಲ. ಬೆಲ್ಲದಲ್ಲಿ ಹೆಚ್ಚಾಗಿ ಇರೋದು ಸುಕ್ರೋಸ್, ಅದು ಕರುಳಿಗೆ ಹೋಗಿ ಒಡೆದ ಮೇಲೇ ರಕ್ತಕ್ಕೆ ಸೇರೋದು. ತುಡುವೆ ಜೇನಾದ್ರೆ ಗ್ಲೂಕೋಸ್ ಹಾಗೇ ಇರ್ತದೆ, ಬೇಗ ಹತ್ತುತ್ತದೆ. ಅಲ್ಲದೆ ಇದು ಶುಗರೇ ಅಂತ ಯಾಕೆ ಗಟ್ಟಿ ಮಾಡಿಕೊಂಡ್ರಿ? ಮಳೆಗಾಲ, ಕಟ್ಟಿಗೆ ರಾಶಿ ಇರೋ ಮನೆಗಳು, ಹಿಂಗಾಲು ಸೋಲೋದು, ಕಣ್ಣುಪಾಪೆ ಅಗಲ ಆಗೋದು. ಕಟ್ಟು ಹಾವು ಕಚ್ಚಿದ್ರೆ ಬಾವೂ ಬರಲ್ಲ, ಗಾಯವೂ ಕಾಣಲ್ಲ. ನಮ್ಮ ತೋಟದ ಮನೆಯಲ್ಲಿ ಬೆಕ್ಕು ಹೋದದ್ದು ಹೀಗೆಯೇ. ಕೂದಲು ಸರಿಸಿ ಹಲ್ಲಿನ ಗುರುತು ಹುಡುಕಿ.

ಎರಡುಬೆಕ್ಕಿನಮನೆ, 9:20

ಗುರುತು ಹುಡುಕುತ್ತಾ ಕೂರಬೇಡಿ ಅಕ್ಕಾ. ಬೆರಳಿಗೆ 108, ಬೆಕ್ಕಿಗೆ ಲೋ, ಅರ್ಧ ಊಟದ ಮೇಲೆ ಪೂರ್ತಿ ಇನ್ಸುಲಿನ್ ಹೋಗಿದೆ. ಇದಕ್ಕಿಂತ ಇನ್ನೇನು ಬೇಕು? ಜೇನು ಒಳ್ಳೇದು ಹೌದು, ಇಲ್ಲದ ಜೇನು ತರೋಕೆ ಯಾರೂ ಹೋಗಬೇಡಿ. ಇರೋ ಜೋನಿಬೆಲ್ಲ ನೀರು ಮಾಡಿ ಹಚ್ಚಿ, ಪಕ್ಕದ ಮನೆಯಲ್ಲಿ ಗ್ಲೂಕೋಸ್ ಕೇಳೋಕೆ ಯಾರನ್ನಾದ್ರೂ ಓಡಿಸಿ. ಶುಗರ್‌ಫ್ರೀ ಮಾತ್ರೆ ಪುಡಿ ಯಾವುದೂ ಬೇಡ, ಅದರಿಂದ ಶುಗರ್ ಏರಲ್ಲ.

ಕಾಳಿದಂಡೆ, 9:24

ಮುಖ ಅದುರ್ತಾ ಇದೆ. ಒಂದು ಬದಿ ಮೀಸೆ ಎಳೆದ ಹಾಗೆ, ಆಮೇಲೆ ಮುಂಗಾಲು. ಜೊಲ್ಲು ಸುರೀತಿದೆ. ವಸಡು ಬೆಳ್ಳಗಿದೆ. ಹಚ್ಚಿದೆ. ಪಕ್ಕದವರು ಗ್ಲೂಕೋಸ್ ಕೊಟ್ಟರು.

ಎರಡುಬೆಕ್ಕಿನಮನೆ, 9:25

ಅದುರುವಾಗ ಬೆರಳು ಹಲ್ಲಿನ ನಡುವೆ ಹಾಕಬೇಡಿ, ತುಟಿ ಎತ್ತಿ ಹೊರಗಿನ ವಸಡಿಗೆ ಮಾತ್ರ. ಮೈ ತಣ್ಣಗಾಗಿರ್ತದೆ, ಟವೆಲಿನಲ್ಲಿ ಸುತ್ತಿ. ಬಿಸಿನೀರಿನ ಬಾಟಲಿ ಟವೆಲಿನ ಹೊರಗೆ ಇಡಿ. ಹೊರಡಿ. ದಾರಿಯಲ್ಲೂ ಐದೈದು ನಿಮಿಷಕ್ಕೆ ಹಚ್ಚುತ್ತಾ ಇರಿ.

ಗೋಕರ್ಣದಕ್ಕ, 9:27

ಪಶು ಆಸ್ಪತ್ರೆ ಡಾಕ್ಟರ ನಂಬರ್ ಇದ್ರೆ ನೇರ ಅವರಿಗೇ ಮಾಡು. 1962 ಅಂತ ಪಶು ಸಂಜೀವಿನಿ ನಂಬರ್ ಇದೆ, ಆದ್ರೆ ಈ ಹೊತ್ತಿಗೆ ಗಾಡಿ ಬರ್ತದೆ ಅಂತ ಕಾಯಬೇಡ. ಮನೆಯಲ್ಲಿ ನಾಯಿ ಇದ್ರೆ, ಅದಕ್ಕೆ ಉಣ್ಣಿ ಔಷಧಿ ಏನಾದ್ರೂ ಹಾಕಿದ್ರೆ ಅದನ್ನೂ ಡಾಕ್ಟರಿಗೆ ಹೇಳು. ಪರ್ಮೆಥ್ರಿನ್ ಇರೋದು ಬೆಕ್ಕಿಗೆ ತಾಗಿದ್ರೂ ಹೀಗೆ ಅದುರ್ತದೆ.

ಕಾಳಿದಂಡೆ, 9:29

ನಾಯಿ ಇಲ್ಲ. ಡಾಕ್ಟರು ಮನೆಗೇ ಬನ್ನಿ ಅಂದ್ರು. ಹೊರಟೆವು.

ಬನವಾಸಿರಸ್ತೆ, 9:38

ಹಾವಿನ ವಿಷಯ ಡಾಕ್ಟರಿಗೆ ಹೇಳ್ತಾರೋ ಇಲ್ವೋ. ಹೇಳಬೇಕಿತ್ತು.

ಎರಡುಬೆಕ್ಕಿನಮನೆ, 9:41

ಡಾಕ್ಟರು ನೋಡ್ತಾರೆ. ಹಾವು ಕಚ್ಚಿದ್ದಕ್ಕೆ ಶುಗರ್ ಹೀಗೆ ತಳ ಮುಟ್ಟಲ್ಲ.

ಮೀಟರ್‌ಮಾಣಿ, 9:50

ನನ್ನ ತಲೆಗೆ ಬರ್ತಾ ಇರೋದು ಇನ್ಸುಲಿನ್ನು ಕೆಟ್ಟಿದೆ ಅಂತ. ಕರೆಂಟಿಲ್ಲ ಅಂದ್ರಲ್ಲ, ಫ್ರಿಜ್ ಬೆಚ್ಚಗಾಗಿರ್ತದೆ.

ಗೋಕರ್ಣದಕ್ಕ, 9:54

ಕೆಟ್ಟ ಇನ್ಸುಲಿನ್ ಕೆಲಸ ಮಾಡದೆ ಶುಗರ್ ಏರಬೇಕಲ್ಲ ಮಾಣಿ, ಇಳಿಯೋದು ಹೇಗೆ?

ಮೀಟರ್‌ಮಾಣಿ, 9:58

ಅದೂ ಹೌದು. ಆದರೂ ಮಳೆಗಾಲದಲ್ಲಿ ಫ್ರಿಜ್ಜಿನ ಮೇಲೆ ನಂಬಿಕೆ ಇಡಬಾರದು ಅನ್ನೋದು ನನ್ನ ಮಾತು. ನಮ್ಮಲ್ಲಿ ಗಾಳಿ ಬಂದು ಮರ ಬಿದ್ರೆ ಎರಡು ದಿನ ಕರೆಂಟಿಲ್ಲ. ನಾನು ಇನ್ವರ್ಟರಿಗೆ ಸಣ್ಣ ಫ್ರಿಜ್ ಒಂದನ್ನೇ ಜೋಡಿಸಿದ್ದೇನೆ, ಒಳಗೆ ತಾಪಮಾನ ತೋರಿಸೋ ಸೆನ್ಸರ್, 2ರಿಂದ 8 ಡಿಗ್ರಿ ದಾಟಿದ್ರೆ ಮೊಬೈಲಿಗೆ ಮೆಸೇಜ್ ಬರ್ತದೆ.

ಬನವಾಸಿರಸ್ತೆ, 10:04

ತೆರೆದ ಬಾಟಲಿಗೆ ಅಷ್ಟೆಲ್ಲ ಬೇಡ. ಎರಡು ಮಣ್ಣಿನ ಮಡಕೆ, ನಡುವೆ ಒದ್ದೆ ಮರಳು, ಅಜ್ಜನ ಕಾಲದಿಂದ ನಮ್ಮಲ್ಲಿ ಅದೇ.

ಮೀಟರ್‌ಮಾಣಿ, 10:07

ಮಳೆಗಾಲದಲ್ಲಿ ಮಡಕೆ ತಂಪಾಗಲ್ಲ ಭಾವ. ನೀರು ಆರಿದ್ರೆ ತಾನೆ ತಂಪು? ಈ ತೇವಕ್ಕೆ ಆರೋದೆಲ್ಲಿ?

ಘಟ್ಟದಕೆಳಗೆ (ಅಂಕೋಲಾ), 10:15

ಇಷ್ಟೆಲ್ಲ ಕಿವಿ ಚುಚ್ಚೋದ್ಯಾಕೆ? ನಮ್ಮ ಬೆಕ್ಕಿನ ಭುಜದ ಕೂದಲು ಬೋಳಿಸಿ ಫ್ರೀಸ್ಟೈಲ್ ಲಿಬ್ರೆ ಅಂಟಿಸಿದ್ದೇವೆ, ಮನುಷ್ಯರದ್ದೇ. 14 ದಿನದ ಸೆನ್ಸರ್. ಮೊಬೈಲ್ ತಾಗಿಸಿದ್ರೆ ನಂಬರ್, ಜೊತೆಗೆ ಏರ್ತಾ ಇದೆಯೋ ಇಳೀತಾ ಇದೆಯೋ ಅಂತ ಬಾಣದ ಗುರುತು.

ಎರಡುಬೆಕ್ಕಿನಮನೆ, 10:21

ಬೆಕ್ಕು ಕೆರೆದು ಕಿತ್ತು ಹಾಕದಿದ್ರೆ 14 ದಿನ. ನಮ್ಮಲ್ಲಿ ಅಷ್ಟು ಬಾಳಿದ್ದೇ ಇಲ್ಲ. ಅದೂ 40ಕ್ಕಿಂತ ಕೆಳಗೆ ಹೋದ್ರೆ ನಂಬರ್ ಬಿಟ್ಟು ‘ಲೋ’ ಅಂತಲೇ ತೋರಿಸೋದು. ಸೆನ್ಸರ್ ಮಾತು ಬೇರೆ ಚರ್ಚೆಯಲ್ಲಿ ಮಾಡಿ, ಇಲ್ಲಿ ಅಕ್ಕನ ಸುದ್ದಿ ಬರಲಿ.

ಕಾಳಿದಂಡೆ, 11:46

ಕೆಂಚ ಬದುಕಿದ್ದಾನೆ. ಡಾಕ್ಟರು ಮುಂಗಾಲಿನ ನರಕ್ಕೆ ಡೆಕ್ಸ್ಟ್ರೋಸ್ (ಗ್ಲೂಕೋಸೇ) ಹಾಕಿದ್ರು, ನೀರು ಬೆರೆಸಿ ನಿಧಾನಕ್ಕೆ. ಕೈ ತೆಗೆಯೋ ಮೊದಲೇ ಅದುರೋದು ನಿಂತಿತು. ಮೊದಲು 46, ಆಮೇಲೆ 131, ಡ್ರಿಪ್ ಹೋಗ್ತಾ ಇದೆ. ತಲೆ ಎತ್ತಿದ್ದಾನೆ, ಆದ್ರೆ ಕೈ ಮುಂದೆ ತಂದ್ರೂ ಕಣ್ಣು ಮಿಟುಕಿಸಲ್ಲ. ಶುಗರ್ ಅಷ್ಟು ಇಳಿದಾಗ ದೃಷ್ಟಿ ಹೋಗಿರಬಹುದು, ಹೆಚ್ಚಿನವಕ್ಕೆ ತಿರುಗಿ ಬರ್ತದೆ, ಕಾಯಬೇಕು ಅಂದ್ರು. ವಸಡಿಗೆ ಹಚ್ಚಿಕೊಂಡೇ ಬಂದದ್ದು ಒಳ್ಳೇದಾಯ್ತು ಅಂತಲೂ ಅಂದ್ರು. ಕುಮಟಾದವರಿಗೆ ಏನು ಹೇಳಲಿ ಗೊತ್ತಾಗ್ತಾ ಇಲ್ಲ.

ಒಂದೇ ಅರ್ಥ ಆಗದ್ದು. ಅದೇ 2 ಯೂನಿಟ್, ಅದೇ ಹೊತ್ತು. ಯಾಕೆ ಹೀಗಾಯ್ತು?

ಎರಡುಬೆಕ್ಕಿನಮನೆ, 11:50

ದೇವರು ದೊಡ್ಡವನು. ಇನ್ಸುಲಿನ್ ಯಾವುದು, ಬಾಟಲಿ ಮೇಲೆ 40 ಅಂತ ಇದೆಯಾ 100 ಅಂತ ಇದೆಯಾ? ಸಿರಿಂಜಿನ ಸೂಜಿ ಮುಚ್ಚಳ ಯಾವ ಬಣ್ಣ?

ಕಾಳಿದಂಡೆ, 11:57

ಗ್ಲಾರ್ಜಿನ್. ಬಾಟಲಿಯಲ್ಲಿ 100 ಐಯು ಅಂತ ಇದೆ. ಸಿರಿಂಜ್ ಕೆಂಪು ಮುಚ್ಚಳ. ಮೊದಲಿಂದ ತರ್ತಿದ್ದದ್ದು ಕೇಸರಿ ಬಣ್ಣದ್ದು. ಈ ಸಲ ಮೆಡಿಕಲ್ ಶಾಪಿನಲ್ಲಿ ಕೇಸರಿ ಖಾಲಿ, ಇದೂ ಇನ್ಸುಲಿನ್ನಿಂದೇ ಅಂತ ಕೊಟ್ಟರು. ಇವತ್ತು ಸಂಜೆಯೇ ಹೊಸ ಪ್ಯಾಕೆಟ್ ಒಡೆದದ್ದು.

ಎರಡುಬೆಕ್ಕಿನಮನೆ, 11:59

ಅಲ್ಲೇ ಇದೆ ಅಕ್ಕಾ. ಕೆಂಪು ಮುಚ್ಚಳದ್ದು 40ರ ಇನ್ಸುಲಿನ್ನಿಗೆ, ಅಂದ್ರೆ ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರೋದಕ್ಕೆ. ಅದರಲ್ಲಿ ಒಂದು ಎಂಎಲ್‌ನ 40 ಭಾಗ ಮಾಡಿ ಗೆರೆ ಹಾಕಿರ್ತಾರೆ. ಕೇಸರಿಯದ್ದರಲ್ಲಿ ಅದೇ ಒಂದು ಎಂಎಲ್‌ಗೆ 100 ಗೆರೆ. ಕೆಂಪು ಸಿರಿಂಜಿನಲ್ಲಿ ‘2’ರ ಗೆರೆವರೆಗೆ ಎಳೆದ್ರೆ 0.05 ಎಂಎಲ್. ನಿಮ್ಮ ಬಾಟಲಿಯ ಮದ್ದು 100ರದ್ದು, ಅಂದ್ರೆ ಹೋದದ್ದು 5 ಯೂನಿಟ್. ಎರಡೂವರೆ ಪಟ್ಟು. ಎರಡೂ ಸಿರಿಂಜ್ ಅಕ್ಕಪಕ್ಕ ಇಟ್ಟು ನೋಡಿ, ಕೆಂಪಿನಲ್ಲಿ ಗೆರೆಗಳ ನಡುವೆ ಅಂತರ ಎಷ್ಟು ಜಾಸ್ತಿ ಅಂತ ಕಣ್ಣಿಗೇ ಕಾಣ್ತದೆ.

ಮೀಟರ್‌ಮಾಣಿ, ನಡುರಾತ್ರಿ 12:06

ನಮ್ಮ ದೇಶದಲ್ಲಿ ಮನುಷ್ಯರಿಗೆ 40ರ ಬಾಟಲಿ ಬಹಳ ಬಳಕೆ, ಅದಕ್ಕೇ ಅಂಗಡಿಗಳಲ್ಲಿ ಕೆಂಪು ಮುಚ್ಚಳವೇ ರಾಶಿ ಇರೋದು. ಪ್ಯಾಕೆಟ್ ಮೇಲೆ ಯು-40, ಯು-100 ಅಂತ ಬರೆದಿರ್ತದೆ. ಮಾರುವವರು ಬಾಟಲಿ ತೋರಿಸಿ ಅಂತ ಕೇಳಲೇಬೇಕು. 5 ಕಿಲೋ ಜೀವಕ್ಕೆ ಇದು ಸಣ್ಣ ವಿಷಯ ಅಲ್ಲ.

ಗೋಕರ್ಣದಕ್ಕ, 12:11

ಸಿರಿಂಜ್ ಸರಿ, ಊಟ ಏನಾದ್ರೂ ಬದಲಿಸಿದ್ಯಾ ತಂಗಿ?

ಕಾಳಿದಂಡೆ, 12:15

ಹೌದು. ಮೊದಲು ಅನ್ನಕ್ಕೆ ತಾರ್ಲೆ ಮೀನು ಕಲಸಿ ಹಾಕ್ತಿದ್ದೆವು. ಅನ್ನ ಬೇಡ ಅಂದ್ರು ಡಾಕ್ಟರು, ಈ ತಿಂಗಳು ಪೂರ್ತಿ ಬಿಡಿಸಿದ್ದೇವೆ. ಬೋಟು ಬಂದ್ ಇರೋದ್ರಿಂದ ತಾರ್ಲೆಯೂ ಸರಿ ಸಿಗ್ತಾ ಇಲ್ಲ, ಕೋಳಿ ಬೇಯಿಸಿ ಹಾಕ್ತೇನೆ.

ಗೋಕರ್ಣದಕ್ಕ, 12:19

ಅನ್ನ ಬಿಟ್ಟ ಬೆಕ್ಕಿಗೆ ಇನ್ಸುಲಿನ್ ಕಡಿಮೆ ಸಾಕಾಗ್ತದೆ, ಕೆಲವಕ್ಕೆ ಪೂರ್ತಿ ನಿಲ್ಲಿಸುವ ಹಂತಕ್ಕೂ ಬರ್ತದೆ. ಹಾಗಾಗಿ ಕೇಸರಿ ಸಿರಿಂಜ್ ಸಿಕ್ಕ ಮೇಲೂ ಹಳೇ 2 ಯೂನಿಟ್ಟೇ ಸರಿ ಅಂತ ಶುರು ಮಾಡಬೇಡ. ಹೊಸ ಲೆಕ್ಕ ಡಾಕ್ಟರ ಹತ್ರ ಹಾಕಿಸು.

ಎರಡುಬೆಕ್ಕಿನಮನೆ, 12:22

ಬೆಳಗಿನ ಡೋಸ್ ಕೊಡಲೇಬೇಡಿ. ಗ್ಲಾರ್ಜಿನ್ ಬಹಳ ಹೊತ್ತು ಕೆಲಸ ಮಾಡ್ತದೆ, ಡ್ರಿಪ್ ತೆಗೆದ ಮೇಲೆ ಮತ್ತೆ ಇಳಿಯಬಹುದು. ಮನೆಗೆ ಕಳಿಸಿದ್ರೂ ಗಂಟೆಗೊಮ್ಮೆ ಕಿವಿಯ ಅಂಚಿನಿಂದ ನೋಡಿ, ಸ್ಟ್ರಿಪ್ಪಿನ ದುಡ್ಡು ನೋಡಬೇಡಿ. ಎಚ್ಚರ ಇದ್ರೆ ಸ್ವಲ್ಪ ಸ್ವಲ್ಪ ಊಟ ಕೊಡ್ತಾ ಇರಿ.

ಕಾಳಿದಂಡೆ, ಬೆಳಿಗ್ಗೆ 7:34

ರಾತ್ರಿ ಒಮ್ಮೆ 58ಕ್ಕೆ ಇಳೀತು, ಮತ್ತೆ ಡೆಕ್ಸ್ಟ್ರೋಸ್ ಹಾಕಿದ್ರು. ಈಗ 164. ಬೆಳಕು ಬಂದ ಕಡೆ ತಲೆ ತಿರುಗಿಸ್ತಾನೆ, ಕೋಳಿ ವಾಸನೆಗೆ ಎದ್ದು ತಿಂದ. ಇನ್ಸುಲಿನ್ ಇವತ್ತು ಇಲ್ಲ. ಮುಂದೆ ಶುರು ಮಾಡಿದ್ರೆ 1 ಯೂನಿಟ್ಟಿನಿಂದ ಅಂದಿದ್ದಾರೆ. ಇಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ ಕೆಂಪೇ. ಕೇಸರಿ ಮುಚ್ಚಳದ್ದು, ಅರ್ಧ ಯೂನಿಟ್ಟಿನ ಗೆರೆ ಇರೋದು ಶಿರಸಿಯಲ್ಲಿ ಸಿಗ್ತದಾ?

ಮೀಟರ್‌ಮಾಣಿ, 7:49

ಕೇಸರಿ ಸಿಗ್ತದೆ. ಅರ್ಧದ ಗೆರೆ ಇರೋದು ತರಿಸಬೇಕು, ಇವತ್ತೇ ಹೇಳಿಡ್ತೇನೆ.

ಎರಡುಬೆಕ್ಕಿನಮನೆ, 7:53

ಅಲ್ಲಿವರೆಗೆ ನನ್ನ ಹತ್ರ ಇರೋದರಲ್ಲಿ ಒಂದು ಪ್ಯಾಕೆಟ್ 10 ಗಂಟೆಯ ಕಾರವಾರ ಬಸ್ಸಿನಲ್ಲಿ ಕಂಡಕ್ಟರ ಕೈಯಲ್ಲಿ ಕಳಿಸ್ತೇನೆ. ಬಸ್ ನಂಬರ್ ಮೆಸೇಜ್ ಮಾಡ್ತೇನೆ, ಸ್ಟ್ಯಾಂಡಿಗೆ ಯಾರನ್ನಾದ್ರೂ ಕಳಿಸಿ.