ಐಎಸ್‌ಒ 6400ಕ್ಕಿಂತ 12800ರಲ್ಲೇ ನಾಯ್ಸ್ (ಚಿತ್ರದ ಕಾಳುಕಾಳು) ಕಡಿಮೆ, ಯಾಕೆ?

ಪ್ರಶ್ನೆ: ಸರ್, ನಮಸ್ಕಾರ. ಶಿರಸಿ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಕಿರುಚಿತ್ರದ ರಾತ್ರಿ ದೃಶ್ಯ ತೆಗೆದೆವು. ಅಂಗಳದಲ್ಲಿ ಒಂದು ಗ್ಯಾಸ್‌ಲೈಟ್, ಜಗಲಿಯ ಮೇಲೆ ನಮ್ಮಜ್ಜಿ. ಬೇರೆ ಲೈಟ್ ಹಾಕಲಿಲ್ಲ. ಬಾಡಿಗೆಗೆ ತಂದ ಕ್ಯಾಮೆರಾದಲ್ಲಿ ಲಾಗ್‌ಗೆ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ರೆಕಾರ್ಡ್ ಮಾಡುವ ವಿಧಾನ) ಎರಡು ಬೇಸ್ ಐಎಸ್‌ಒ, ಅಂದರೆ ಸೆನ್ಸರ್‌ನ ಎರಡು ಮೂಲ ಸೂಕ್ಷ್ಮತೆ: 800 ಮತ್ತು 12800. 12800 ಅಂದರೆ ಭಯವಾಗಿ 6400ರಲ್ಲೇ ನಿಂತೆ. ಈಗ ಗ್ರೇಡಿಂಗ್‌ಗೆ (ಬಣ್ಣ ತಿದ್ದಲು) ಕೂತರೆ ಅಜ್ಜಿಯ ಹಿಂದಿನ ಕತ್ತಲೆಯೆಲ್ಲ ಇರುವೆ ಹರಿದ ಹಾಗಿದೆ. ಪರೀಕ್ಷೆಗೆಂದು 12800ರಲ್ಲಿ ತೆಗೆದ ಒಂದು ಶಾಟ್ ಮಾತ್ರ ಸ್ವಚ್ಛವಾಗಿದೆ. ಇದು ಹೇಗೆ?

ಉತ್ತರ: ಐಎಸ್‌ಒ ಏರಿದಷ್ಟೂ ನಾಯ್ಸ್ ಏರುತ್ತದೆ ಅಂತಲೇ ನಾವೆಲ್ಲ ಕಲಿತದ್ದು. ಎರಡು ಬೇಸ್ ಇರುವ ಸೆನ್ಸರ್‌ಗೆ ಆ ಪಾಠ ಅರ್ಧ ಮಾತ್ರ ಹೊಂದುತ್ತದೆ.

ಪಿಕ್ಸೆಲ್ ಮೇಲೆ ಬಿದ್ದ ಬೆಳಕು ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಅವು ವಿದ್ಯುತ್ ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್‌ಗೆ ಹೋಗುತ್ತವೆ. ಅಲ್ಲಿ ವೋಲ್ಟೇಜ್ ಎಷ್ಟು ಬದಲಾಯಿತು ಅನ್ನುವುದೇ ನಮ್ಮ ಚಿತ್ರ. ಒಂದು ಸೌಟು ನೀರನ್ನು ಹಂಡೆಗೆ ಹಾಕಿದರೆ ಮಟ್ಟ ಏರಿದ್ದೇ ತಿಳಿಯದು. ಲೋಟಕ್ಕೆ ಹಾಕಿದರೆ ಎದ್ದು ಕಾಣುತ್ತದೆ, ಆದರೆ ಲೋಟ ಬೇಗ ತುಂಬಿ ಚೆಲ್ಲುತ್ತದೆ. 800ರದ್ದು ಹಂಡೆ, 12800ರದ್ದು ಲೋಟ. ಓದುವ ಸರ್ಕ್ಯೂಟ್ ತನ್ನದೇ ಒಂದಿಷ್ಟು ನಾಯ್ಸ್ ಸೇರಿಸುತ್ತದೆ. ಲೋಟದ ಎತ್ತರದ ಮಟ್ಟದ ಮುಂದೆ ಅದು ಸಣ್ಣದು. ನೀವು 6400ರಲ್ಲಿ ಹಂಡೆಯನ್ನೇ ಓದಿ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು) ಹಿಗ್ಗಿಸಿದಿರಿ; ಆ ನಾಯ್ಸೂ ಎಂಟು ಪಟ್ಟು ಹಿಗ್ಗಿತು.

ಮುಂದಿನ ಸಲ ಧೈರ್ಯವಾಗಿ 12800ಕ್ಕೆ ಹೋಗಿ, ಲೆನ್ಸಿನ ಐರಿಸ್ (ಬೆಳಕಿನ ಕಿಂಡಿ) ತೆರೆದೇ ಇಡಿ. ಗ್ಯಾಸ್‌ಲೈಟಿನ ಮ್ಯಾಂಟಲ್ ಹೇಗೂ ಚಿತ್ರದಲ್ಲಿ ವಿವರವಿಲ್ಲದೆ ಬೆಳ್ಳಗೆ ಸುಡುತ್ತದೆ, ಅದನ್ನು ಬಿಟ್ಟುಬಿಡಿ. ಅಜ್ಜಿಯ ಹಣೆ, ಬಿಳಿ ಕೂದಲು ಸುಟ್ಟರೆ ಮಾತ್ರ ಅರ್ಧ ಸ್ಟಾಪ್ ಮುಚ್ಚಿ. ಇನ್ನೊಂದು ಮಾತು: ಬೆಳಕೇ ಕಡಿಮೆಯಿದ್ದಾಗ ಫೋಟಾನ್‌ಗಳೇ ಏರುಪೇರಾಗಿ ಬೀಳುತ್ತವೆ, ಆ ನಾಯ್ಸನ್ನು ಯಾವ ಸೆನ್ಸರೂ ತೆಗೆಯಲಾರದು. ಒಂದು ಥರ್ಮೋಕೋಲ್ ಹಿಡಿದು ಅದೇ ಗ್ಯಾಸ್‌ಲೈಟಿನ ಬೆಳಕನ್ನು ಹಿಂದಿನ ಗೋಡೆಗೆ ಬೌನ್ಸ್ ಮಾಡಿದ್ದರೂ ತುಂಬಾ ವ್ಯತ್ಯಾಸ ಆಗುತ್ತಿತ್ತು.

ಇನ್ನೊಬ್ಬ ಸದಸ್ಯರು: ಆರಿ ಕಂಪನಿಯ ಸಿನಿಮಾ ಕ್ಯಾಮೆರಾ ಅಲೆಕ್ಸಾದ ಡ್ಯುಯಲ್ ಗೇನ್ (ಸಿಗ್ನಲನ್ನು ಎರಡು ಮಟ್ಟದಲ್ಲಿ ಹಿಗ್ಗಿಸುವುದು) ಅಂದರೆ ಇದೇನಾ ಸರ್?

ಉತ್ತರ: ಅಲ್ಲ. ಸೋನಿ ವೆನಿಸ್‌ನ ಎರಡು ಬೇಸ್, 500 ಮತ್ತು 2500, ಪ್ರಶ್ನೆ ಕೇಳಿದವರ ಕ್ಯಾಮೆರಾದ ಥರದ್ದೇ, ಶಾಟ್‌ಗೆ ಮುಂಚೆ ಒಂದನ್ನು ಆರಿಸಬೇಕು. 2010ರಲ್ಲಿ ಬಂದ ಆರಿ ಅಲೆಕ್ಸಾದಲ್ಲಿ ಆರಿಸುವುದೇ ಇಲ್ಲ. ಪ್ರತಿ ಪಿಕ್ಸೆಲನ್ನೂ ಹೆಚ್ಚು ಗೇನ್, ಕಡಿಮೆ ಗೇನ್ ಎರಡು ದಾರಿಯಲ್ಲಿ ಒಟ್ಟಿಗೇ ಓದುತ್ತದೆ. 14 ಬಿಟ್‌ನ ಎರಡು ಓದು ಸೇರಿ 16 ಬಿಟ್‌ನ ಒಂದು ಚಿತ್ರ: ಶಾಡೋ ಒಂದರಿಂದ, ಹೈಲೈಟ್ ಇನ್ನೊಂದರಿಂದ. 2022ರ ಅಲೆಕ್ಸಾ 35ರ ಹೊಸ ಸೆನ್ಸರ್‌ಗೆ ಕಂಪನಿ ಕತ್ತಲೆಯಿಂದ ಬೆಳಕಿನವರೆಗೆ 17 ಸ್ಟಾಪ್ ವ್ಯಾಪ್ತಿ ಹೇಳುತ್ತದೆ, ರೆಸಲ್ಯೂಷನ್ 4.6ಕೆ ಅಷ್ಟೇ. 8ಕೆ ಓಟಕ್ಕಿಂತ ಈ ದಾರಿಯೇ ನನಗೆ ಹೆಚ್ಚು ಮುಖ್ಯ, ಯಾಕೆಂದರೆ ನಮ್ಮ ಮೈಬಣ್ಣ, ನಮ್ಮ ಬಿಸಿಲು ಎರಡೂ ಒಂದೇ ಫ್ರೇಮಿನಲ್ಲಿ ನಿಲ್ಲಬೇಕು.

ಪ್ರಶ್ನೆ ಕೇಳಿದವರು: ಅಜ್ಜಿಯನ್ನು ಮತ್ತೆ ರಾತ್ರಿಯೆಲ್ಲ ಕೂರಿಸೋಕೆ ಆಗಲ್ಲ ಸರ್. ಇರೋದನ್ನೇ ಉಳಿಸಬಹುದಾ?

ಉತ್ತರ: ಬಹುಪಾಲು ಉಳಿಯುತ್ತದೆ. ಗ್ರೇಡಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೋ ಆವೃತ್ತಿಯಲ್ಲಿ ಟೆಂಪೊರಲ್ ನಾಯ್ಸ್ ರಿಡಕ್ಷನ್ ಇದೆ. ಅದು ಅಕ್ಕಪಕ್ಕದ ಫ್ರೇಮ್‌ಗಳನ್ನು ಹೋಲಿಸುತ್ತದೆ. ಗೋಡೆ ನಿಂತಲ್ಲೇ ಇರುತ್ತದೆ, ನಾಯ್ಸ್ ಮಾತ್ರ ಫ್ರೇಮಿಂದ ಫ್ರೇಮಿಗೆ ಬದಲಾಗುತ್ತದೆ. ನಾಲ್ಕು ಫ್ರೇಮ್‌ಗಳ ಸರಾಸರಿ ತೆಗೆದರೆ ನಾಯ್ಸ್ ಸುಮಾರು ಅರ್ಧಕ್ಕಿಳಿಯುತ್ತದೆ. ಕಾಂಟ್ರಾಸ್ಟ್ ಏರಿಸುವ ಮುಂಚೆ, ಮೊದಲ ನೋಡ್‌ನಲ್ಲೇ (ತಿದ್ದುವ ಮೊದಲ ಹಂತದಲ್ಲೇ) ಹಾಕಿ. ಅಜ್ಜಿ ಕೈ ಆಡಿಸುವಾಗ ನೆರಳು ಎಳೆದಂತೆ ಕಂಡರೆ ಅದರ ಮೋಷನ್ ಸೆಟ್ಟಿಂಗ್ ಇಳಿಸಿ. ಒಂದೇ ಫ್ರೇಮಿನೊಳಗೆ ನಯಗೊಳಿಸುವ ಸ್ಪೇಶಿಯಲ್ ನಾಯ್ಸ್ ರಿಡಕ್ಷನ್ ಮಾತ್ರ ಮುಖಕ್ಕೆ ಬೇಡ. ಅದು ಸುಕ್ಕುಗಳನ್ನೂ ಒರೆಸಿಬಿಡುತ್ತದೆ.