ಕಟ್ಟಿಗಿ ಅಪಾರ್ಟ್‌ಮೆಂಟ್ ಭೂಕಂಪಕ್ಕ ನಿಲ್ಲತೈತಂತ, ಹಂಗಾರ ನಮ್ಮ ಮಾಳಿಗಿ ಮನಿ?

ಲಿಂಗಸುಗೂರು_ಮಂದಿ:
ನಿನ್ನೆ ರಾತ್ರಿ ಒಂದು ವಿಡಿಯೋ ನೋಡಿದೆ, ಜಪಾನ್‌ದಾಗ ಆರು ಮಹಡಿ ಕಟ್ಟಿಗಿ ಅಪಾರ್ಟ್‌ಮೆಂಟ್ ಕಟ್ಟಿ ಬುಡಕ್ಕ ದೊಡ್ಡ ಕಬ್ಬಿಣದ ಟೇಬಲ್ ಇಟ್ಟು ಸಾಣಿಗಿ ಹಿಡದಂಗ ಅಲ್ಲಾಡಿಸ್ತಾರ, ಬಿಲ್ಡಿಂಗ್ ಬೀಳಂಗೇ ಇಲ್ಲ. ಖರೇನಾ ಗ್ರಾಫಿಕ್ಸಾ? ಯಾಕ ಕೇಳಾಕತ್ತೀನಿ ಅಂದ್ರ, ನಮ್ಮದು ಅಜ್ಜನ ಕಾಲದ ಮಾಳಿಗಿ ಮನಿ, ಬೇವಿನ ಕಂಬ, ತೊಲಿ, ಜಂತಿ, ಎರಡಡಿ ಕಲ್ಲಿನ ಗೋಡಿ. ಅಣ್ಣ ಕೆಡವಿ ಆರ್‌ಸಿಸಿ ಹಾಕೂಣು ಅಂತಾನ. ಅಜ್ಜ ಮಾತ್ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಾಗ ಗೂಡಿನ್ಯಾಗಿನ ತಂಬಿಗಿ ಗಲಗಲ ಅಂದ್ವು, ಮನಿಗೇನೂ ಆಗಲಿಲ್ಲ, ಕಟ್ಟಿಗಿ ಕಂಬ ಅದಾವಲೋ ಅಂತ ಒಂದ ಹಟ.

ಡಿಪ್ಲೊಮಾ_ರಾಯಚೂರು:
ಖರೇನೇ ಅದರಿ. 2009 ಜುಲೈದಾಗ ಮಿಕಿ ಅನ್ನೋ ಊರಿನ ಇ-ಡಿಫೆನ್ಸ್ ಲ್ಯಾಬಿನ್ಯಾಗ ಮಾಡಿದ್ದು. ಆ ಟೇಬಲ್ 20 ಮೀಟರ್ ಉದ್ದ, 15 ಮೀಟರ್ ಅಗಲ, 1200 ಟನ್ ಹೊರತದ. ಅಮೆರಿಕಾದ ಕೊಲೊರಾಡೊ ಸ್ಟೇಟ್ ಯುನಿವರ್ಸಿಟಿಯ ಜಾನ್ ವ್ಯಾನ್ ಡಿ ಲಿಂಟ್ ಅವರ ಟೀಮು, 23 ಮನಿ ಇದ್ದ ಬಿಲ್ಡಿಂಗು, ಅಲ್ಲಿನ 1994ರ ನಾರ್ತ್‌ರಿಡ್ಜ್ ಭೂಕಂಪದ ರೆಕಾರ್ಡನ್ನೇ ಇನ್ನಷ್ಟು ಜೋರು ಮಾಡಿ ಕೊಟ್ಟರು. 2007ರಾಗ ಇಟಲಿಯವರು ಅದೇ ಟೇಬಲ್ ಮ್ಯಾಲ 7 ಮಹಡಿದು ಅಲ್ಲಾಡಿಸಿದ್ದರು, 2023ರಾಗ ಸ್ಯಾನ್ ಡಿಯಾಗೋದಾಗ 10 ಮಹಡಿದೂ ಆತು.

ಆದ್ರ ಕಟ್ಟಿಗಿ ಅದ ಅಂತ ನಿಂತಿದ್ದಲ್ಲ ಅದು. 1995ರಾಗ ಜಪಾನಿನ ಕೋಬೆ ಭೂಕಂಪದಾಗ 6 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಅದರಾಗ ಭಾಳ ಮಂದಿ ಹಳೇ ಕಟ್ಟಿಗಿ ಮನಿ ಕೆಳಗೇ ಸಿಕ್ಕವರು, ಮ್ಯಾಲ ಭಾರದ ಹಂಚು, ಕೆಳಗ ಸಡ್ಲ ಜೋಡಣಿ. ಮಿಕಿ ಬಿಲ್ಡಿಂಗಿನ್ಯಾಗ ತೆಳು ಪಟ್ಟಿಗೆ ಹಲಗಿ ಬಡಿದು ಸಾವಿರಗಟ್ಟಲೆ ಮೊಳಿ ಹೊಡೆದಿರತಾರ, ಅಲ್ಲಾಡಿದಾಗ ಮೊಳಿ ಒಂಚೂರು ಬಾಗಿ ಬಾಗಿ ಆ ಜೋರನ್ನ ತಿಂದುಬಿಡತಾವ, ಗೋಡಿ ಮ್ಯಾಕ್ಕ ಏಳಬಾರದು ಅಂತ ಬುಡದಿಂದ ತುದಿ ತನಕ ಉಕ್ಕಿನ ರಾಡು ಬ್ಯಾರೆ. ನಿಮ್ಮ ಕಂಬ-ತೊಲಿ ನಡುವ ಏನದ? ಕಂಬದ ತುದಿಗಿರೂ ಬೋದಿಗಿ ಮ್ಯಾಲ ತೊಲಿ ಸುಮ್ಮನ ಕುಂತದ, ಅಷ್ಟೇ.

ಬಳ್ಳಾರಿ_ಬಿಸಿಲು:
ಗುರೂ ನಮ್ಮ ಕಡೆ ಭೂಕಂಪಕ್ಕಿಂತ ಮುಂಚೆ ಗೆದ್ದಲು ಬರುತ್ತೆ 😄 ಮತ್ತೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ 2016ರ ಐಎಸ್ 1893 ಅನ್ನೋ ಭೂಕಂಪ ಅಪಾಯದ ಮ್ಯಾಪಲ್ಲಿ ಝೋನ್ 2, ತೀರಾ ಕಮ್ಮಿದು. ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಾ?

ಸೈಟ್_ಕೊಪ್ಪಳ:
ಬಳ್ಳಾರಿ ಅಣ್ಣ, ಕಿಲ್ಲಾರಿ ಆವಾಗಿನ ಮ್ಯಾಪಿನ್ಯಾಗ ಝೋನ್ 1ರಾಗ ಇತ್ತು, ಅದಕ್ಕಿಂತ ಕಮ್ಮಿ ಝೋನೇ ಇರಲಿಲ್ಲ. 1993 ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ ಮಂದಿ, ನಸುಕಿನ್ಯಾಗ 4 ಹೊಡಿಯೂದರಾಗ ಹತ್ತಿರತ್ತಿರ 10 ಸಾವಿರ ಜನ ಹೋದ್ರು. ಸತ್ತದ್ದು ಎಂಥಾ ಮನಿಯಾಗ ಅಂದ್ರ ಲಿಂಗಸುಗೂರಿನವರು ಬರದಂಥದ್ದರಾಗೇ. ಎರಡಡಿ ಗೋಡಿ ಅಂದ್ರ ಗಟ್ಟಿ ಅಂತ ತಿಳ್ಕೋತೀವಿ, ಖರೇ ಅಂದ್ರ ಅದು ಎರಡು ತೆಳು ಗೋಡಿ, ನಡುವ ಮಣ್ಣು ಮತ್ತ ಚಿಪ್ಪುಗಲ್ಲು ತುಂಬಿದ್ದು, ಅಲ್ಲಾಡಿದ್ರ ಒಂದು ಒಳಗ ಒಂದು ಹೊರಗ ಉಬ್ಬಿ ಜಾರತೈತಿ. ಕೆಲವು ಕಡೆ ಗೋಡಿ ಬಿದ್ರೂ ಕಂಬ-ತೊಲಿ ಹಂಗೇ ನಿಂತಿದ್ವು, ಅದಕ್ಕ ಅಜ್ಜನ ಮಾತು ಪೂರಾ ಸುಳ್ಳಲ್ಲ.

ಒಂದ ಪ್ರಶ್ನಿ, ಮಾಳಿಗಿ ಮ್ಯಾಲ ಮಣ್ಣು ಎಷ್ಟೈತಿ? ವರ್ಷಾ ಮಳಿಗಿಂತ ಮೊದಲ ಹಾಕೇ ಹಾಕಿರತೀರಿ.

ಲಿಂಗಸುಗೂರು_ಮಂದಿ:
ಈಗ ಹಾರಿ ತಗೊಂಡು ಬೆಳಕಿಂಡಿ ಹತ್ರ ಚುಚ್ಚಿ ನೋಡಿದೆ, ಮೊಣಕೈ ತನಕ ಹೋತ್ರಿ 😳 ಒಂದು ಅಡಿಗಿಂತ ಜಾಸ್ತಿನೇ.

ಸೈಟ್_ಕೊಪ್ಪಳ:
ಒಂದಡಿ ಅಂತೇ ಹಿಡೀರಿ, ಚದರ ಅಡಿಗೆ 45-50 ಕೆಜಿ, 20 ಬೈ 15 ಪಡಸಾಲಿ ಮ್ಯಾಲ ಏನಿಲ್ಲ ಅಂದ್ರೂ ಹದಿಮೂರೂವರಿ ಟನ್. ಭಾರ ಎಷ್ಟೋ ಅಷ್ಟೇ ಜೋರಾಗಿ ಎಳಿತೈತಿ ಭೂಕಂಪ. ಕೆಡವೂ ಮೊದಲ ಆ ಮಣ್ಣು ಇಳಿಸ್ರಿ, ಕಂಬ-ತೊಲಿ ಮೂಲಿಗೆ ಓರಿ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸ್ರಿ, ಗೋಡಿಗೆ ಅಲ್ಲಲ್ಲಿ ಆರಪಾರ ತೂತು ಹೊಡದು ಸರಳು ಇಟ್ಟು ಕಾಂಕ್ರೀಟ್ ತುಂಬಿಸಿದ್ರ ಎರಡೂ ಪದರು ಒಂದಾಗತಾವ. ಇಂಜಿನಿಯರ್‌ನ ಕರದು ಗೋಡಿ ಉಬ್ಬೈತೇನು ತೋರಿಸ್ರಿ, ಉಬ್ಬಿದ್ರ ಮಾತ್ರ ಅಣ್ಣನ ಮಾತೇ ಖರೇ. ಆರ್‌ಸಿಸಿ ಅಂತ ಇರೂ ಕಲ್ಲಿನ ಗೋಡಿ ಮ್ಯಾಲೇ ಸ್ಲ್ಯಾಬ್ ಹೊರಿಸಿಬಿಟ್ಟೀರಿ ಮತ್ತ.

ಲಿಂಗಸುಗೂರು_ಮಂದಿ:
ಅಣ್ಣಂದು ಅದೇ ಪ್ಲಾನ್ ಇತ್ರಿ, ಗೋಡಿ ಹಂಗೇ ಬಿಟ್ಟು ಮ್ಯಾಲ ಸ್ಲ್ಯಾಬ್. ಈಗ ಫೋನ್ ಹಚ್ಚತೀನಿ.