ಕಥೆಯ ಗ್ರಹಕ್ಕೆ ಹಸಿರು ಆಕಾಶ ಬೇಕು, ಬರೆದವರು ಅನುಭವ ಹೇಳಿ

ಪೆರ್ಲದವಳು: ಮಕ್ಕಳಿಗೊಂದು ವಿಜ್ಞಾನ ಕಥೆ ಬರೆಯುತ್ತಿದ್ದೇನೆ. ಗ್ರಹದಲ್ಲಿ ಜನ ಉಸಿರಾಡಬೇಕು, ಆಕಾಶ ಮಾತ್ರ ಹಸಿರಾಗಿರಬೇಕು. ಏನು ಕಾರಣ ಕೊಡಲಿ?

ಬದಿಯಡ್ಕದ ಮಾಷ್ಟ್ರು: ನಾನು ಧೂಳನ್ನೇ ನಂಬಿದವನು. ಮಂಗಳನಲ್ಲಿ ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ. ಆದರೂ ತುಕ್ಕಿನ ಧೂಳು ತೇಲುತ್ತಲೇ ಇರುವುದರಿಂದ ಹಗಲು ಕಂದು ಹಳದಿ, ಮುಳುಗುವ ಸೂರ್ಯನ ಸುತ್ತ ನೀಲಿ. ನನ್ನ ಪುಸ್ತಕದ ಮುಖಪುಟಕ್ಕೂ ಅದನ್ನೇ ಬರೆಸಿದೆ. ಕಲಾವಿದರಿಗೆ 4,500 ರೂಪಾಯಿ. ಪ್ರೆಸ್ಸಿನವರು 'ಬಣ್ಣ ತಪ್ಪಿದೆ' ಅಂತ ತಾವೇ ನೀಲಿ ಮಾಡಿ ಅಚ್ಚು ಹಾಕಿಬಿಟ್ಟರು ಮಾರಾಯ್ರೇ! ಮತ್ತೆ ಹಾಕಿಸಲು 7,200. ಲ್ಯಾಮಿನೇಷನ್ ಬೇರೆ. 1976ರಲ್ಲಿ ಮಂಗಳಕ್ಕಿಳಿದ ನಾಸಾ ನೌಕೆ ವೈಕಿಂಗ್ 1 ಕಳಿಸಿದ ಮೊದಲ ಬಣ್ಣದ ಚಿತ್ರದಲ್ಲೂ ಆಕಾಶ ನೀಲಿಯಾಗಿಯೇ ಹೊರಬಂದಿತ್ತು, ಆಮೇಲೆ ತಿದ್ದಿದರು. ನಾಸಾಕ್ಕೆ ಮರುಮುದ್ರಣದ ಬಿಲ್ಲು ಬರಲಿಲ್ಲ, ಅಷ್ಟೇ.

ಹೊಸೂರಿನವ: ಮಾಷ್ಟ್ರೇ, ಅವರು ಕೇಳಿದ್ದು ಹಸಿರು. ನಾನು ಕ್ಲೋರಿನ್ ತುಂಬಿಸಿದ್ದೆ. ಹಳದಿ ಹಸಿರು ಅನಿಲ, ಈಗಲೂ ಅದೇ ಸರಿ ಅನ್ನುತ್ತೇನೆ. ಸ್ಪರ್ಧೆಯ ತೀರ್ಪುಗಾರರು 'ಎಲ್ಲರೂ ಸಾಯ್ತಾರಲ್ವಾ' ಎಂದು ಪಕ್ಕಕ್ಕಿಟ್ಟರು. ನನ್ನ ಪಾತ್ರಗಳು ಮನುಷ್ಯರೇ ಅಲ್ಲ! ಡಿಟಿಪಿ ಪುಟಕ್ಕೆ 30, ಕೊರಿಯರ್ 120, ಪ್ರವೇಶ ಶುಲ್ಕ 300. ಹಸ್ತಪ್ರತಿ ಇನ್ನೂ ವಾಪಸ್ ಬಂದಿಲ್ಲ.

ಅಕ್ಕಲಕೋಟೆಯ ಅಕ್ಕ: ತಮ್ಮಾ, ಕ್ಲೋರಿನ್ ಸುಮ್ನೆ ಗಾಳಿಯಲ್ಲಿ ಉಳಿಯುವುದಿಲ್ಲ, ಸಿಕ್ಕಿದ್ದರ ಜೊತೆ ಸೇರಿಬಿಡುತ್ತದೆ. ಹೊಸದನ್ನು ಹುಟ್ಟಿಸುವುದು ಯಾವುದು, ಅದನ್ನು ಬರೆದಿದ್ದಿಯಾ? ನಾನು ಶನಿಯ ಉಪಗ್ರಹ ಟೈಟನ್ನಿನ ದಾರಿ ಹಿಡಿದೆ. ಅಲ್ಲಿ ಮೀಥೇನ್ ಮೇಲೆ ಬಿಸಿಲು ಬಿದ್ದು ಕಿತ್ತಳೆ ಬಣ್ಣದ ಮಬ್ಬು. 2005ರಲ್ಲಿ ಹೈಗನ್ಸ್ ನೌಕೆ ಅಲ್ಲಿ ಇಳಿದಾಗ ಕಂಡದ್ದೂ ಅದೇ. ನನ್ನ ಕಥೆಯಲ್ಲಿ ಒಬ್ಬರೂ ತಪ್ಪು ಹುಡುಕಿಲ್ಲ.

ಹೊಸೂರಿನವ: ನಾನು ಹುಡುಕಿದ್ದೇನೆ. ಟೈಟನ್ನಿನಲ್ಲಿ ಮೈನಸ್ 179 ಡಿಗ್ರಿ. ನಿಮ್ಮ ನಾಯಕ ಧೋತರ ಉಟ್ಟು ಓಡಾಡುತ್ತಾನೆ!

ಅಕ್ಕಲಕೋಟೆಯ ಅಕ್ಕ: ಅದು ಟೈಟನ್ ಅಲ್ಲ, ನಾನೇ ಕಟ್ಟಿದ ಗ್ರಹ. ಪುಸ್ತಕ ಕೊಂಡು ಓದಿ ಮಾತಾಡು.

ಆದೋನಿಯವ: ಕೆಂಪು ನಕ್ಷತ್ರ ಇಟ್ಟರೆ ಆಕಾಶವೂ ಕೆಂಪು, ಮುಗೀತಲ್ವಾ?

ಬದಿಯಡ್ಕದ ಮಾಷ್ಟ್ರು: ಮುಗಿಯಲಿಲ್ಲ. ಕೆಂಪು ಕುಬ್ಜದ, ಅಂದರೆ ಬಿಸಿ ಕಡಿಮೆಯ ಚಿಕ್ಕ ಕೆಂಪು ನಕ್ಷತ್ರದ, ಬೆಳಕು ಹೆಚ್ಚುಕಡಿಮೆ ಹಳೇ ಬಲ್ಬಿನ ಬೆಳಕು. ಅದರಲ್ಲಿ ಇರುವಷ್ಟು ನೀಲಿಯನ್ನೇ ಗಾಳಿ ಜಾಸ್ತಿ ಚದುರಿಸುತ್ತದೆ. ಇದನ್ನೂ ಹೇಳಿಕೊಡಬೇಕೇ?

ಕುಂಬಳೆಯವ: 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದ ಮೇಲೆ ಮದ್ರಾಸಿನ ಕಡೆ ಸೂರ್ಯನೇ ಹಸಿರಾಗಿ ಕಂಡಿತ್ತು. ಆದರೆ ಆಕಾಶ ಅಲ್ಲ. 2001ರಲ್ಲಿ ನಮ್ಮ ಕೇರಳದಲ್ಲೇ ಕೆಂಪು ಮಳೆ ಬಂತಲ್ಲ, ನೀರಿನಲ್ಲಿ ಇದ್ದದ್ದು ಪಾಚಿಯ ಬೀಜಕಣ. ಹಾಗಾಗಿ ನಮ್ಮ ಶಾಲೆಯ ನಾಟಕದಲ್ಲಿ ಗಾಳಿಯ ತುಂಬ ಹಸಿರು ಪಾಚಿ ತೇಲಿಸಿದೆವು. ಉಸಿರಾಡಲೂ ಅಡ್ಡಿಯಿಲ್ಲ. ಪರದೆ ಬಟ್ಟೆ ಮೀಟರಿಗೆ 85, ಬಣ್ಣಕ್ಕೆ 640. ಮಳೆಗೆ ಬಣ್ಣ ಇಳಿದು ರಾಜನ ಪಂಚೆಯೂ ಹಸಿರು. ತೊಳೆಸಲು 150.

ಬದಿಯಡ್ಕದ ಮಾಷ್ಟ್ರು: ಆ ಪರದೆ ನಮ್ಮ ಶಾಲೆಯದ್ದು. ಬಿಳಿ ಇತ್ತು. ಬಟ್ಟೆಗೆ ನೀವು ದುಡ್ಡು ಕೊಟ್ಟದ್ದು ಯಾವಾಗ?

ಕುಂಬಳೆಯವ: ನಿಮ್ಮದು ಹರಿದಿತ್ತು, ಅರ್ಧ ನಾವೇ ಹೊಲಿಸಿದ್ದು. ರಶೀದಿ ಇದೆ.